ಮೆಹರ್ ಆಪಾ ಅವರ ಕಾದಂಬರಿಗೆ ನಾನು ಸೇರಿಸಿದ ಒಂದು ಸಾಲು

ಮೊನ್ನೆ ಐಡಿ ಕಾರ್ಡ್ ನವೀಕರಿಸಲೆಂದು ಮಗ ಪ್ರಸಾದ ನನ್ನನ್ನು ದುಬೈಯ ಅಲ್ ನಹ್ದಾದ ಹಳೆಯ ಟೈಪಿಂಗ್ ಸೆಂಟರಿಗೆ ಕರೆದುಕೊಂಡು ಹೋಗಿದ್ದ. ಇಲ್ಲಿ ವೀಸಾ, ಕಾರ್ಡು, ಬಾಡಿಗೆ ಕರಾರು, ಯಾವ ಅರ್ಜಿ ಇದ್ದರೂ ಇಂಥ ಅಂಗಡಿಗೆ ಹೋಗಿ ಅರಬಿಯಲ್ಲಿ ಟೈಪ್ ಮಾಡಿಸಬೇಕು. ಗಾಜಿನ ಬಾಗಿಲು ತಳ್ಳಿದ ಕೂಡಲೇ ಲ್ಯಾಮಿನೇಶನ್ ಮಾಡುವ ಬಿಸಿ ಪ್ಲಾಸ್ಟಿಕ್ಕಿನ ವಾಸನೆ ಮೂಗಿಗೆ ಬಡಿಯಿತು. ಆ ವಾಸನೆಗೆ ಪ್ರಸಾದನಿಗೆ ತಲೆನೋವು ಬರುತ್ತದೆ. ನನಗೆ ನಗು ಬಂತು.

“ಎಂತ ಅಮ್ಮ, ಒಬ್ಬಳೇ ನಗಾಡ್ತಾ ಇದ್ದಿ? ಜನ ನೋಡ್ತಾರೆ,” ಎಂದ.

ನೋಡಲಿ. ಹೋದ ಬೇಸಿಗೆಯಲ್ಲಿ ಇದೇ ಕುರ್ಚಿಯಲ್ಲಿ ಕೂತು, ಟೋಕನ್ ಹಿಡಿದು ಕಾಯುತ್ತಿದ್ದವರಿಗೆಲ್ಲ ಕೇಳುವಂತೆ ನಾನೊಂದು ಉರ್ದು ಕಾದಂಬರಿ ಓದಿದ್ದೇನೆ. ಉರ್ದುವಿನ ಒಂದಕ್ಷರವೂ ನನಗೆ ಓದಲು ಬರುವುದಿಲ್ಲ. ಅಷ್ಟು ಸಾಲದು ಎಂಬಂತೆ ಆ ಕಾದಂಬರಿಯಲ್ಲಿ ಒಂದು ಕಳ್ಳತನವನ್ನೂ ಮಾಡಿದೆ. ಕಳ್ಳರು ಇದ್ದದ್ದನ್ನು ಎತ್ತಿಕೊಂಡು ಹೋಗುತ್ತಾರೆ. ನಾನು ಇಲ್ಲದ್ದನ್ನು ಕದ್ದು ಒಳಗಿಟ್ಟೆ.

ಅದಕ್ಕೆಲ್ಲ ಕಾರಣ ಈ ಫೋನು. ಏಪ್ರಿಲಿನಲ್ಲಿ ಮೊಮ್ಮಗಳು ಅನ್ವಿ ನನಗೆ ಅದರಲ್ಲಿ ಕನ್ನಡ ಟೈಪ್ ಮಾಡಲು ಕಲಿಸಿದಳು. ಅವಳಿಗೆ ಹದಿಮೂರು ವರ್ಷ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಅವಳ ಉತ್ತರ ಇಂಗ್ಲಿಷಿನಲ್ಲಿ. “ಅಜ್ಜಿ, ಜಸ್ಟ್ ಟಚ್. ಡೋಂಟ್ ಪನಿಶ್ ಇಟ್,” ಎನ್ನುತ್ತಿದ್ದಳು. ಮೂಲ್ಕಿಯಲ್ಲಿ ಬೀಡಿ ಸುತ್ತಿ ಬೆಳೆದ ಬೆರಳು ನನ್ನದು, ಒತ್ತಿಯೇ ಅಭ್ಯಾಸ. ಜೂನಿನ ಹೊತ್ತಿಗೆ ಒಂದು ಬೆರಳಿನಲ್ಲಿ ಗುಡ್ ಮಾರ್ನಿಂಗ್‌ಗಿಂತ ಉದ್ದದ್ದನ್ನು ಬರೆಯುವಷ್ಟಾದೆ. ಆಗ ಶಾಲೆಗೆ ರಜೆ ಸಿಕ್ಕಿ ಅವಳೂ ಸೊಸೆಯೂ ಎರಡು ತಿಂಗಳಿಗೆ ಊರಿಗೆ ಹೋದರು. ಪ್ರಸಾದ ಬೆಳಿಗ್ಗೆ ಐದೂವರೆಗೆ ಕಂಪನಿ ಬಸ್ ಹತ್ತಿ ಜೆಬೆಲ್ ಅಲಿಗೆ ಹೋದರೆ ಬರುವುದು ಸಂಜೆ. ಕಟ್ಟಡದ ಅರ್ಧ ಮನೆಗಳಿಗೆ ಬೀಗ. ಹೊರಗೆ ಸೆಕೆ ಎಷ್ಟೆಂದರೆ ಕಿಟಕಿಯ ಗಾಜು ಹೊರಗಿನಿಂದ ಬೆವರುತ್ತಿತ್ತು. ಬಿಸಿಲಿಗೆ ಟ್ಯಾಂಕಿ ಕಾದು ತಣ್ಣೀರಿನ ನಲ್ಲಿಯಲ್ಲಿ ಕುದಿನೀರು ಬರುತ್ತಿತ್ತು. ಅದಕ್ಕೇ ಹೀಟರ್ ಆಫ್ ಮಾಡಿ ನೀರನ್ನು ಅದರೊಳಗೇ ಆರಲು ಬಿಟ್ಟು, ಸ್ನಾನಕ್ಕೆ ಬಿಸಿನೀರಿನ ನಲ್ಲಿ ತಿರುಗಿಸಿ ತಣ್ಣೀರು ಹಿಡಿಯುತ್ತಿದ್ದೆವು. ಊರಿಗೆ ಫೋನಿನಲ್ಲಿ ಇದನ್ನು ಹೇಳಿದರೆ ನನ್ನ ನಾದಿನಿ ನನಗೆ ಅರಳುಮರಳು ಅಂದುಕೊಂಡಳು.

ನಮ್ಮ ಎದುರಿನ ಫ್ಲ್ಯಾಟಿನಲ್ಲಿ ಮೆಹರ್ ಆಪಾ ಇದ್ದರು. ಎಪ್ಪತ್ತನಾಲ್ಕು ವರ್ಷ, ನನಗಿಂತ ಆರು ವರ್ಷ ದೊಡ್ಡವರು. ಕರಾಚಿಯವರು, ಪತ್ರಕರ್ತೆಯಾಗಿದ್ದವರು, ಪುಸ್ತಕ ಬರೆದವರು ಎಂದು ವಾಚ್‌ಮನ್‌ನಿಂದ ಗೊತ್ತಿತ್ತು. ಎರಡು ವರ್ಷದಿಂದ ಲಿಫ್ಟಿನಲ್ಲಿ ನಮಸ್ಕಾರ, ಸಲಾಂ, ಅಷ್ಟೇ. ಒಂದು ದಿನ ಹತ್ತು ಗಂಟೆಗೆ ಬೆಲ್ ಆಯಿತು. ತೆರೆದರೆ ಆಪಾ, ಕೈಯಲ್ಲಿ ಒಂದು ಪೆನ್ನು. ಅದರ ಮುಚ್ಚಳ ತೆಗೆದುಕೊಡಲು ಆಗುತ್ತದೆಯೇ ಎಂದು ಕೇಳಿದರು.

ತೆಗೆದುಕೊಟ್ಟೆ. ಅಲ್ಲಿಗೆ ಬಿಟ್ಟರೆ ನಾನು ನಾನಲ್ಲ. ಪೆನ್ನಿನ ಹಿಂದೆಯೇ ಅವರ ಮನೆಗೆ ಹೋದೆ. ಮೇಜಿನ ಮೇಲೆ ಹಳದಿ ಕಾಗದದ ಕಟ್ಟು. ಮೇಲಿನ ಹಾಳೆಯಲ್ಲಿ ಅಕ್ಷರಗಳು, ನೀರು ಕಂಡ ಇರುವೆಗಳು ದಿಕ್ಕಾಪಾಲಾಗಿ ಓಡಿದ ಹಾಗೆ. ಆಪಾ ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಎರಡೂ ನಡುಗುತ್ತಿದ್ದವು.

ನಾನು ಮದುವೆಯಾಗಿ ಇಪ್ಪತ್ತು ವರ್ಷ ಬಾಂಬೆಯ ಚಾಳಿನಲ್ಲಿ ಇದ್ದವಳು. ಹಿಂದಿ ಚೆನ್ನಾಗಿ ಬರುತ್ತದೆ, ಉರ್ದು ಕೇಳಿದರೆ ತಿಳಿಯುತ್ತದೆ. ಆಪಾ ಮಾತಾಡಿದ್ದೆಲ್ಲ ಉರ್ದುವಿನಲ್ಲಿ. ಇಲ್ಲಿ ಅದನ್ನು ನನ್ನ ಕನ್ನಡದಲ್ಲೇ ಹೇಳುತ್ತೇನೆ.

ಅವರು ಹೇಳಿದ್ದು ಇಷ್ಟು. ಇದು ಅವರ ಆರನೆಯ ಕಾದಂಬರಿ, ಕೊನೆಯದು. ನಾಲ್ಕು ಅಧ್ಯಾಯ ಬಾಕಿ. ಲಾಹೋರಿನ ಪ್ರಕಾಶಕರು ಕಾದು ಕಾದು ಇನ್ನು ಈ ವರ್ಷಕ್ಕಿಂತ ಆಚೆ ಆಗದು ಎಂದಿದ್ದಾರೆ. ಅವರನ್ನು ವೀಸಾದಲ್ಲಿ ಇಟ್ಟುಕೊಂಡಿದ್ದ ಗಂಡನ ಅಣ್ಣನ ಮಗ ಕೆನಡಾಕ್ಕೆ ಹೊರಟಿದ್ದಾನೆ. ಸೆಪ್ಟೆಂಬರ್ ಮುಗಿಯುವುದರೊಳಗೆ ಇವರು ಲಾಹೋರಿಗೆ, ತಂಗಿಯ ಮನೆಗೆ ಹೋಗಬೇಕು. ತಂಗಿಯ ಮನೆ ತುಂಬ ಜನ. ಅಲ್ಲಿ ಹೋಗಿ ಕೂತರೆ ತಾನು ಎಲ್ಲರ ಆಪಾ, ಎಲ್ಲರ ಅಕ್ಕ ಆಗಿಬಿಡುತ್ತೇನೆ, ಈ ಪುಸ್ತಕ ಮುಗಿಯುವುದಿಲ್ಲ ಎಂಬ ಹೆದರಿಕೆ ಅವರಿಗೆ.

“ಫೋನಿಗೆ ಹೇಳಿ, ಅದು ರೆಕಾರ್ಡ್ ಮಾಡಿಕೊಳ್ತದೆ,” ಎಂದೆ, ಅನ್ವಿಯ ಶಿಷ್ಯೆಯಾಗಿ.

ಮಾಡಿ ನೋಡಿದ್ದರಂತೆ. ಅದು ಹೂಂಗುಡುವುದಿಲ್ಲ ಎಂದರು. ಎದುರಿಗೆ ಕೂತು ಯಾರೂ ಹೂಂ ಅನ್ನದಿದ್ದರೆ ಮುಂದಿನ ಮಾತು ಗಂಟಲಲ್ಲೇ ನಿಲ್ಲುತ್ತದೆ. ಗಂಡನ ಅಣ್ಣನ ಮಗನಿಗೆ ಉರ್ದು ಬರೆಯಲು ಬಾರದು. ಬರೆಯಲು ಬರುವವರು ಎಂಟು ಗಂಟೆ ಡ್ಯೂಟಿ ಮಾಡಿ ಬಂದು ಇವರ ಒಂದು ವಾಕ್ಯಕ್ಕಾಗಿ ಅರ್ಧ ಗಂಟೆ ಕಾಯುವವರಲ್ಲ.

ಹೂಂಗುಡುವುದರಲ್ಲಿ ನನ್ನನ್ನು ಮೀರಿಸುವವರು ಯಾರು? ಹುಡುಗಿಯಾಗಿದ್ದಾಗ ನಮ್ಮ ಜಗಲಿಯಲ್ಲಿ ಎಂಟು ಹತ್ತು ಹೆಂಗಸರು ಕೂತು ಬೀಡಿ ಸುತ್ತುತ್ತಿದ್ದರು. ನಾನು ಏಳನೇ ಕ್ಲಾಸು ಓದಿದವಳೆಂದು ವಾರಪತ್ರಿಕೆಯ ಧಾರಾವಾಹಿ ಓದುವ ಕೆಲಸ ನನಗೆ. ನನ್ನ ಪಾಲಿನ ಎಲೆಯನ್ನು ಅವರು ಸುತ್ತಿಕೊಡುತ್ತಿದ್ದರು. ಕಥೆ ನನಗೆ ಹಿಡಿಸದಿದ್ದರೆ ಅಲ್ಲಲ್ಲಿ ಸ್ವಲ್ಪ ರಿಪೇರಿ ಮಾಡಿ ಓದುತ್ತಿದ್ದೆ. ಒಮ್ಮೆ ಪತ್ರಿಕೆಯಲ್ಲಿ ಸತ್ತ ನಾಯಕಿಯನ್ನು ನಾಲ್ಕು ವಾರ ಬದುಕಿಸಿ ಇಟ್ಟಿದ್ದೆ. ಈ ವಿಷಯವನ್ನು ಆಪಾರಿಗೆ ಆಗ ಹೇಳಲಿಲ್ಲ.

“ನೀವು ಹೇಳಿ, ನಾನು ಬರೀತೇನೆ. ಅಕ್ಷರ ಮಾತ್ರ ಕನ್ನಡದ್ದು,” ಎಂದೆ.

ಆಪಾ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಉರ್ದು ಕಾದಂಬರಿಯನ್ನು ಕನ್ನಡದಲ್ಲಿ ಬರೆದರೆ ಓದುವವರು ಯಾರು?”

“ನಾನೇ. ಇನ್ಯಾರಿಗೆ ಬೇಕು ಈಗ?”

ಹೀಗೆ ಶುರುವಾಯಿತು. ದಿನಾ ಹತ್ತರಿಂದ ಒಂದರವರೆಗೆ. ಆಪಾ ಕಿಟಕಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಕಣ್ಣು ಮುಚ್ಚಿ ಒಂದು ವಾಕ್ಯ ಹೇಳಿ, ನಾನು ಒಂದೇ ಬೆರಳಲ್ಲಿ ಹುಡುಕಿ ಹುಡುಕಿ ಒತ್ತುವಷ್ಟರಲ್ಲಿ ಮುಂದಿನ ವಾಕ್ಯವನ್ನು ಮೂರು ಸಲ ಬದಲಾಯಿಸಿರುತ್ತಿದ್ದರು. ನನ್ನ ನಿಧಾನವೇ ತಮಗೆ ಸರಿಯಾಯಿತು ಎನ್ನುತ್ತಿದ್ದರು. ಮೊದಲ ವಾರ ನಾನು ಎಲ್ಲೋ ಏನೋ ಒತ್ತಿ, ಬರೆದ ಒಂದು ಪುಟ ಮೂಲ್ಕಿಯ ಮನೆಯವರ ಗ್ರೂಪಿಗೆ ಹೋಯಿತು. ಇದು ಯಾವ ದೇವರ ಸ್ತೋತ್ರ, ಎಷ್ಟು ಸಲ ಹೇಳಬೇಕು ಎಂದು ನಾದಿನಿ ಕೇಳಿದಳು. ಮಂಗಳವಾರ ಹನ್ನೊಂದು ಸಲ ಎಂದು ಉತ್ತರ ಕೊಟ್ಟೆ.

ಪ್ರಸಾದನಿಗೆ ಮಾತ್ರ ಇರುಸುಮುರುಸು. ಊರಿನ ಟಿವಿಯಲ್ಲಿ ದಿನಾ ಗಡಿಯ ಸುದ್ದಿ. ಪಾಕಿಸ್ತಾನದ ಪತ್ರಕರ್ತೆ ಹೇಳಿದ್ದನ್ನು ತನ್ನ ತಾಯಿ ಫೋನಿನಲ್ಲಿ ಬರೆದಿಡುತ್ತಿದ್ದಾಳೆ ಎಂದರೆ ಅವನಿಗೆ ಅನ್ನ ಇಳಿಯುವುದು ಹೇಗೆ?

“ಅಮ್ಮ, ಅದರಲ್ಲಿ ರಾಜಕೀಯ ಎಂತಾದರೂ ಉಂಟಾ?”

“ಉಂಟು ಮಾರಾಯ. ಅತ್ತಿಗೆ ನಾದಿನಿಯದ್ದು.”

ನಿಜಕ್ಕೂ ಕಥೆ ಒಂದು ಹಳ್ಳಿಯದು. ನಸ್ರೀನ್ ಎಂಬ ಹೆಂಗಸು, ಹಳ್ಳಿಯಲ್ಲಿ ಓದಲು ಬರುವವಳು ಅವಳೊಬ್ಬಳೇ. ಗಲ್ಫಿಗೆ ಹೋದ ಗಂಡಸರ ಕಾಗದಗಳನ್ನೆಲ್ಲ ಮನೆಮನೆಗೆ ಹೋಗಿ ಓದಿ ಹೇಳುತ್ತಾಳೆ. ಅವಳ ಅಣ್ಣನೂ ಲಾಂಚ್ ಹತ್ತಿ ಅಬುಧಾಬಿಗೆ ಹೋದವನು. ಅವಳು ಅವನಿಗೆ ಬರೆಯುತ್ತಲೇ ಇದ್ದಾಳೆ. ಅವನಿಂದ ಒಂದು ಸಾಲೂ ಬಂದಿಲ್ಲ. ನಾನು ಬರೆದುಕೊಳ್ಳುತ್ತ ಬರೆದುಕೊಳ್ಳುತ್ತ ಆ ಅಣ್ಣನನ್ನು ತುಳುವಿನಲ್ಲಿ ಬಯ್ಯುತ್ತಿದ್ದೆ. ಅದೇನೆಂದು ಆಪಾ ಕೇಳಿದರೆ ಹೂಂ ಅಂದೆ ಎನ್ನುತ್ತಿದ್ದೆ.

ಜುಲೈ ಕೊನೆಯ ಭಾನುವಾರ ಆಪಾರಿಗೆ ಅಬುಧಾಬಿಯ ಅಲ್ ಮೀನಾ ಬಂದರನ್ನು ನೋಡಬೇಕೆನಿಸಿತು. ಅಣ್ಣ ಇಳಿದ ಜಾಗವನ್ನು ಮತ್ತೊಮ್ಮೆ ಕಣ್ಣಲ್ಲಿ ತುಂಬಿಕೊಳ್ಳದೆ ಕೊನೆಯ ಅಧ್ಯಾಯ ಹೇಳಲಾರೆ ಎಂದರು. ಅಲ್ಲಿ ಒಳ್ಳೆ ಅಂಜಲ್ ಮೀನು ಸಿಗುತ್ತದೆ ಎಂದು ನಾನು ಪ್ರಸಾದನನ್ನು ಒಪ್ಪಿಸಿದೆ.

ದಾರಿಯುದ್ದಕ್ಕೂ ಆಪಾ ತಮ್ಮ ಕಥೆ ಹೇಳಿದರು. ಹುಟ್ಟಿದ್ದು ಕರಾಚಿಯ ರೈಲ್ವೆ ಕ್ವಾರ್ಟರ್ಸಿನಲ್ಲಿ. ಹತ್ತೊಂಬತ್ತಕ್ಕೆ ಒಂದು ಉರ್ದು ಸಂಜೆ ಪತ್ರಿಕೆಯಲ್ಲಿ ಪ್ರೂಫ್ ತಿದ್ದುವ ಕೆಲಸ. ಅಲ್ಲಿ ಹೆಂಗಸರಿಗೆಂದು ಒಂದು ಪಾಯಿಖಾನೆಯೂ ಇರಲಿಲ್ಲ, ಪಕ್ಕದ ದರ್ಜಿಯ ಮನೆಗೆ ಹೋಗಬೇಕು. ದರ್ಜಿಯ ಹೆಂಡತಿ ಹೇಳಿದ ಗಿರಣಿ ಮುಷ್ಕರದ ಸುದ್ದಿಯೇ ಅವರು ಬರೆದ ಮೊದಲ ವರದಿ. ಬೇರೆ ಯಾವ ಪತ್ರಿಕೆಗೂ ಅದು ಸಿಕ್ಕಿರಲಿಲ್ಲ, ಏಕೆಂದರೆ ಬೇರೆ ಯಾವ ವರದಿಗಾರನೂ ಆ ಮನೆಯ ಪಾಯಿಖಾನೆಗೆ ಹೋಗುತ್ತಿರಲಿಲ್ಲ. ಇಷ್ಟು ಹೇಳುವಾಗ ಪ್ರಸಾದ ಮೊದಲ ಸಲ ನಕ್ಕ.

ಆಮೇಲೆ ಬಿಗಿಯ ಕಾಲ ಬಂತು. ಪುಟಗಳನ್ನು ಅಚ್ಚಿಗೆ ಮೊದಲು ಸರ್ಕಾರದ ಅಧಿಕಾರಿಗೆ ತೋರಿಸಬೇಕು. ಅವನು ಕೆಂಪು ಪೆನ್ಸಿಲಿನಿಂದ ಬೇಡದ್ದನ್ನು ಹೊಡೆಯುತ್ತಿದ್ದ. ಹೊಡೆದ ಜಾಗವನ್ನು ಇವರು ಖಾಲಿ ಬಿಟ್ಟರು. ಖಾಲಿ ಬಿಡಬಾರದೆಂದು ಹುಕುಂ ಬಂತು. ಆಪಾ ಅಲ್ಲಿಗೆ ಹಲ್ವಾ ಮಾಡುವ ವಿಧಾನ ಹಾಕತೊಡಗಿದರು. ಮಂತ್ರಿಯ ಭಾಷಣದ ಮಧ್ಯೆ ಕ್ಯಾರೆಟ್ ಹಲ್ವಾ ಕಂಡರೆ ಅಲ್ಲೊಂದು ಸುದ್ದಿ ಸತ್ತಿದೆ ಎಂದು ಓದುಗರಿಗೆ ಗೊತ್ತಾಗುತ್ತಿತ್ತು. ಒಂದು ದಿನ ಮೊದಲ ಪುಟದಲ್ಲಿ ಐದು ಹಲ್ವಾ ಬಂತು. ಮರುದಿನ ಕೆಲಸ ಹೋಯಿತು. ಮನೆಯಲ್ಲಿ ಕೂತು ಕಾದಂಬರಿ ಬರೆಯತೊಡಗಿದ್ದು ಆಗ. ಅವು ಒಂದು ಮಾಸಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದವು. ಗಂಡ ತೀರಿಕೊಂಡ ಮೇಲೆ ದುಬೈಯ ಒಂದು ಪತ್ರಿಕೆಯ ಉರ್ದು ಪುಟಕ್ಕೆ ಬಂದರು. ಕೆಲಸಗಾರರ ಕಾಗದಗಳಿಗೆ ಉತ್ತರ ಬರೆಯುವ ಅಂಕಣವನ್ನು ಇಪ್ಪತ್ತು ವರ್ಷ ನಡೆಸಿದರು. ಒಂದು ದಿನ ಆ ಪುಟವೂ ನಿಂತಿತು.

ಮೀನು ಮಾರ್ಕೆಟ್ಟಿನಲ್ಲಿ ನಾನು ಅಂಜಲಿನ ಕಿವಿರು ಎತ್ತಿ ನೋಡುತ್ತ, ಕತ್ತರಿಸುವವನ ಜೊತೆ ದಪ್ಪ ತೆಳ್ಳಗೆ ಎಂದು ಜಗಳವಾಡುತ್ತ ಇದ್ದೆ. ತಿರುಗಿ ನೋಡಿದರೆ ಆಪಾ ಇಲ್ಲ. ಹೊರಗೆ ಮರದ ಲಾಂಚುಗಳು ಕಟ್ಟಿದ ಕಡೆ, ಆ ಉರಿಯಲ್ಲಿ, ದುಪಟ್ಟಾ ತಲೆಗೆ ಹೊದ್ದು ನಿಂತಿದ್ದರು. ಮೊದಲು ಇಲ್ಲಿ ದಡವೇ ಸರಿಯಾಗಿರಲಿಲ್ಲ, ಸೊಂಟದ ನೀರಿಗೆ ಇಳಿದು ನಡೆದು ಬರಬೇಕಿತ್ತಂತೆ ಎಂದರು. ಯಾರು ಹೇಳಿದ್ದು ಎಂದು ಕೇಳಿದೆ. ಆಪಾ ಲಾಂಚುಗಳ ಕಡೆಗೇ ತಿರುಗಿ ನಿಂತರು. ಕಾದಂಬರಿಗಾಗಿ ವಿಚಾರಿಸಿರಬೇಕು ಎಂದುಕೊಂಡೆ. ಮೀನು ಮಂಜುಗಡ್ಡೆಯಲ್ಲಿತ್ತು, ನನ್ನ ಮನಸ್ಸೆಲ್ಲ ಅದರ ಮೇಲೆ.

ಆಗಸ್ಟ್ ಕೊನೆಯಲ್ಲಿ ಆಪಾ ಕೊನೆಯ ಪುಟ ಹೇಳಿದರು. ಅಬುಧಾಬಿಯಲ್ಲಿ ಅಣ್ಣ ಸತ್ತಿದ್ದಾನೆ. ಅವನ ತಗಡಿನ ಟ್ರಂಕು ಹಳ್ಳಿಗೆ ಬರುತ್ತದೆ. ನಸ್ರೀನ್ ಮುಚ್ಚಳ ತೆಗೆಯುತ್ತಾಳೆ. ಒಳಗೆ ಅವಳು ಬರೆದ ಕಾಗದಗಳೆಲ್ಲ ಇವೆ. ಒಂದನ್ನೂ ಒಡೆದಿಲ್ಲ. ಅವಳು ಮುಚ್ಚಳ ಹಾಕುತ್ತಾಳೆ. ಮುಗಿಯಿತು.

ನಾನು ಹೂಂ ಅನ್ನಲಿಲ್ಲ. ಬರೆದೆ, ಎದ್ದು ಮನೆಗೆ ಬಂದೆ. ಕುಚ್ಚಲಕ್ಕಿ ಒಲೆಯ ಮೇಲಿಟ್ಟು ನಿಂತವಳಿಗೆ ತಡೆಯಲಾಗಲಿಲ್ಲ. ಎರಡೂವರೆ ತಿಂಗಳು ಆ ಹೆಂಗಸಿನ ಜೊತೆ ನಾನೂ ಕಾದಿದ್ದೇನೆ. ಹಳೆಯ ಬುದ್ಧಿ. ಫೋನು ತೆಗೆದು ಒಂದೇ ಒಂದು ಸಾಲು ಸೇರಿಸಿದೆ. ‘ಆದರೆ ಎಲ್ಲಕ್ಕಿಂತ ಅಡಿಯಲ್ಲಿದ್ದ ಒಂದು ಕಾಗದ ಮಾತ್ರ ಒಡೆದಿತ್ತು, ಮಡಿಸಿ ಬಿಡಿಸಿ ಅದರ ಮಡಿಕೆ ಸವೆದು ಹೋಗಿತ್ತು.’ ಉರ್ದುವಿನಲ್ಲೇ ಬರೆದೆ. ಚೆನ್ನಾಗಿಯೇ ಬಂತು. ಅನ್ನ ಮಾತ್ರ ಅಡಿ ಹಿಡಿಯಿತು.

ಈಗ ಅದು ಉರ್ದು ಅಕ್ಷರಕ್ಕೆ ಬರಬೇಕಿತ್ತು. ಆಪಾರಿಗೆ ಪರಿಚಯವಿದ್ದ ಮುನೀರ್ ಸಾಹೇಬರು ಈ ಟೈಪಿಂಗ್ ಸೆಂಟರಿನಲ್ಲಿದ್ದರು. ಫೈಸಲಾಬಾದಿನವರು. ಕಂಪ್ಯೂಟರ್ ಬರುವ ಮೊದಲು ಉರ್ದು ಪತ್ರಿಕೆಗಳನ್ನು ಕೈಯಲ್ಲೇ ಅಂದವಾಗಿ ಬರೆಯುವವರಿದ್ದರು, ಅಂಥವರಲ್ಲಿ ಒಬ್ಬರು. ಈಗ ದಿನವಿಡೀ ವೀಸಾ ಫಾರಂ. ಮಧ್ಯಾಹ್ನ ಎರಡರಿಂದ ನಾಲ್ಕು ಜನ ಕಮ್ಮಿ, ಆಗ ಬನ್ನಿ, ನೀವು ಓದಿ, ನಾನು ಹೊಡೆಯುತ್ತೇನೆ ಎಂದರು. ತನ್ನ ಬರಹವನ್ನು ಬೇರೆಯವರ ಬಾಯಲ್ಲಿ ಕೇಳಲಾರೆ ಎಂದು ಆಪಾ ಬರಲಿಲ್ಲ. ಬಾರದಿದ್ದದ್ದು ನನಗೆ ಅನುಕೂಲವೇ ಆಯಿತು.

ನಾನು ಓದುವುದು, ಮುನೀರ್ ಸಾಹೇಬರ ಬೆರಳು ಕೀಬೋರ್ಡಿನ ಮೇಲೆ ಮಳೆ ಸುರಿಸುವುದು. ಮಧ್ಯೆ ಯಾರಾದರೂ ಬಂದರೆ ಅವರ ಫಾರಂ. ಮೂರನೆಯ ದಿನ ಗಮನಿಸಿದೆ, ಫಾರಂ ಮುಗಿದವರು ಏಳುತ್ತಿಲ್ಲ. ಸ್ವಾತ್ ಕಡೆಯ ಒಬ್ಬ ಬಸ್ ಡ್ರೈವರ್ ದಿನಾ ಬರತೊಡಗಿದ. ಅವನಿಗೆ ಯಾವ ಅರ್ಜಿಯೂ ಇರಲಿಲ್ಲ. ಒಬ್ಬ ಮಲಯಾಳಿ ನರ್ಸಮ್ಮ ಬಂದು ನಿನ್ನೆ ಏನಾಯಿತು ಎಂದು ಡ್ರೈವರನನ್ನು ಕೇಳಿ ತಿಳಿದುಕೊಳ್ಳುತ್ತಿದ್ದಳು. ಯಾರೋ ಎಲ್ಲರಿಗೂ ಹಾಲಿಲ್ಲದ ಸುಲೇಮಾನಿ ಚಹಾ ತರಿಸಿದರು. ನನಗೆ ನಮ್ಮ ಜಗಲಿಯಲ್ಲಿ ಕೂತ ಹಾಗೆಯೇ ಆಗಿ, ಸ್ವರ ಏರಿಸಿ ಇಳಿಸಿ ಓದಿದೆ.

ಕೊನೆಯ ದಿನ ಕೊನೆಯ ಪುಟ. ಟ್ರಂಕು ತೆರೆಯಿತು, ಕಾಗದಗಳು ಒಡೆದಿಲ್ಲ. ಡ್ರೈವರ್ ತಲೆ ತಗ್ಗಿಸಿದ. ಆಗ ನನ್ನ ಸಾಲನ್ನು ಓದಿದೆ. ನರ್ಸಮ್ಮ “ದೇವರೇ” ಎಂದು ಎದೆ ಮುಟ್ಟಿಕೊಂಡಳು. ಡ್ರೈವರ್ ಎರಡೂ ಕೈಯಲ್ಲಿ ಮುಖ ಒರೆಸಿಕೊಂಡ. ನಾನು ಹೆಮ್ಮೆಯಿಂದ ಕಣ್ಣೆತ್ತಿದರೆ ಬಾಗಿಲ ಬಳಿ ಆಪಾ ನಿಂತಿದ್ದರು. ವೀಸಾ ರದ್ದು ಮಾಡುವ ಫಾರಂ ತುಂಬಿಸಲು ಅದೇ ಹೊತ್ತಿಗೆ ಬಂದಿದ್ದರು.

“ಮುನೀರ್ ಸಾಹೇಬ್, ಆ ಸಾಲು ನನ್ನದಲ್ಲ,” ಎಂದರು.

ಮುನೀರ್ ಸಾಹೇಬರ ಬೆರಳು ನಿಂತಿತು. ನಾನು ತಪ್ಪೊಪ್ಪಿಕೊಂಡೆ. ಆದರೆ ಸುಮ್ಮನಿರಲಾರದ ಬಾಯಿ, ಜನರಿಗೆ ಇಷ್ಟವಾಯಿತಲ್ಲ ಎಂದೂ ಸೇರಿಸಿದೆ. ಡ್ರೈವರ್ ನನ್ನ ಪರವಾಗಿ ಏನೋ ಹೇಳಹೊರಟ. ಆಪಾ ಕೈಯೆತ್ತಿ ಅವನನ್ನು ತಡೆದರು.

“ಜೀವಮಾನವಿಡೀ ಜನ ನನ್ನನ್ನು ಕೇಳದೆ ನನ್ನ ಸಾಲು ತೆಗೆದರು, ಸುಶೀಲಾ. ಕೇಳದೆ ಸೇರಿಸಿದವಳು ನೀನೊಬ್ಬಳೇ. ಅವರಿಗೂ ನಿನಗೂ ಏನು ವ್ಯತ್ಯಾಸ?” ಆಮೇಲೆ ಮೆಲ್ಲಗೆ, “ಆ ಟ್ರಂಕು ನಿಜವಾಗಿ ಬಂದಿತ್ತು. ನಮ್ಮ ಮನೆಗೆ. ನನ್ನ ಭಾಯಿಜಾನರದು. ನಾನು ಒಂದೊಂದನ್ನೇ ತಿರುಗಿಸಿ ನೋಡಿದ್ದೇನೆ. ಅಡಿಯಲ್ಲಿ ಒಡೆದ ಕಾಗದ ಇರಲಿಲ್ಲ.”

ಫಾರಂ ಕೂಡ ತುಂಬಿಸದೆ ಹೊರಟುಹೋದರು.

ನನ್ನ ಜೀವಮಾನದಲ್ಲಿ ಅಷ್ಟು ನಾಚಿಕೆಪಟ್ಟದ್ದು ಕಡಿಮೆ. ಸಾಲನ್ನು ಅಲ್ಲೇ ಅಳಿಸಿದೆ. ಮುನೀರ್ ಸಾಹೇಬರೂ ಅಳಿಸಿದರು. ಆದರೆ ಲಾಹೋರಿಗೆ ಕಳಿಸಲು ಆಪಾ ಒಪ್ಪಿಗೆ ಕೊಡಲಿಲ್ಲ. ಈಗ ಕೊನೆಯ ಪುಟವನ್ನು ಓದಿದರೆ ನಿನ್ನ ಸಾಲೇ ಕಿವಿಯಲ್ಲಿ ಕೇಳುತ್ತದೆ, ಪುಸ್ತಕ ಕೆಟ್ಟಿತು, ಖಲಾಸ್ ಎಂದು ಬಾಗಿಲ ಸಂದಿಯಿಂದಲೇ ಹೇಳಿ ಮುಚ್ಚಿಕೊಂಡರು. ಮೂರು ದಿನ ಬೆಲ್ ಒತ್ತಿದರೂ ತೆರೆಯಲಿಲ್ಲ. ಅವರು ಹೊರಡಲು ಹನ್ನೆರಡು ದಿನ ಉಳಿದಿತ್ತು.

ಊರಿನಿಂದ ಬಂದಿದ್ದ ಅನ್ವಿಗೆ ಎಲ್ಲ ಗೊತ್ತಾಯಿತು. “ಅಜ್ಜಿ, ಯು ಹ್ಯಾಕ್ಡ್ ಹರ್ ಬುಕ್?” ಎಂದು ಬಾಯಿ ಬಿಟ್ಟುಕೊಂಡು ಕೂತಳು. ಪ್ರಸಾದ ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ನಾಲ್ಕನೆಯ ದಿನ ನಮ್ಮ ಜಗಲಿಯಲ್ಲಿ ಬೀಡಿ ಸುತ್ತುತ್ತಿದ್ದ ಗಿರಿಜಕ್ಕ ನೆನಪಾದರು. ನಾನು ಬೆಲ್ ಒತ್ತಲಿಲ್ಲ. ಅವರ ಬಾಗಿಲ ಹೊರಗೆ ಕಾರಿಡಾರಿನಲ್ಲಿ ಚಾಪೆ ಹಾಕಿ ಕೂತು, ಒಳಗೆ ಕೇಳುವಂತೆ ಹೇಳತೊಡಗಿದೆ. ನನಗೆ ಓದಲು ಬರುತ್ತಿದ್ದುದರಿಂದ ಜಗಲಿಯ ಹೆಂಗಸರು ಬಾಂಬೆಯಿಂದ ಗಂಡಂದಿರ ಕಾಗದ ಬಂದರೆ ನನ್ನಿಂದಲೇ ಓದಿಸುತ್ತಿದ್ದರು. ಗಿರಿಜಕ್ಕ ಮಾತ್ರ ತರುತ್ತಿರಲಿಲ್ಲ. ಕಾಗದ ಬರುವುದು ನನಗೆ ಗೊತ್ತು, ಪೋಸ್ಟ್‌ಮ್ಯಾನ್ ಕೊಡುವುದನ್ನು ಕಂಡಿದ್ದೇನೆ. ಓದಲು ಅವರಿಗೆ ಬಾರದು. ಒಂದು ದಿನ ಕೇಳಿಯೇಬಿಟ್ಟೆ. ಅಕ್ಕಿ ಮುಡಿಯ ಹಿಂದೆ ಕೈ ಹಾಕಿ ಕಟ್ಟು ತೋರಿಸಿದರು. ಒಂದನ್ನೂ ಒಡೆದಿರಲಿಲ್ಲ.

ಗಿರಿಜಕ್ಕ ಅವತ್ತು ಹೇಳಿದ್ದನ್ನು ಹಾಗೆಯೇ ಹೇಳಿದೆ. “‘ಅವರ ಮಾತು ಬೇರೆಯವರ ಬಾಯಲ್ಲಿ ಕೇಳಿದ್ರೆ ಅದು ಅವರದ್ದಾಗಿ ಉಳಿಯೂದಿಲ್ಲ ಮಗಾ. ಹೀಗೇ ಇರಲಿ. ಬಂದದ್ದು ಗೊತ್ತಾಗ್ತದಲ್ಲ, ಅಷ್ಟು ಸಾಕು’ ಅಂದ್ರು ಗಿರಿಜಕ್ಕ, ಆಪಾ. ಬೇಡದ ಕಾಗದ ಆದ್ರೆ ಒಲೆಗೆ ಹಾಕ್ತಿದ್ರು. ಇಟ್ಕೊಳ್ತಿರ್ಲಿಲ್ಲ.”

ನಾನು ಕೊನೆಯ ಮಾತು ಕೇಳಿದೆ. “ನಿಮ್ಮ ಭಾಯಿಜಾನರಿಗೆ ಓದ್ಲಿಕ್ಕೆ ಬರ್ತಿತ್ತಾ?”

ಬಾಗಿಲು ತೆರೆಯಿತು. ಆಪಾ ಚಾಪೆಯ ಮೇಲೆ ನನ್ನ ಪಕ್ಕ ಕೂತರು. ಮನೆಯಲ್ಲಿ ಒಬ್ಬರನ್ನು ಓದಿಸುವಷ್ಟೇ ಶಕ್ತಿಯಿತ್ತು, ಅಣ್ಣನೇ ಗಿರಣಿಗೆ ಹೋಗಿ ಇವರನ್ನು ಶಾಲೆಗೆ ಕಳಿಸಿದನಂತೆ. ಅವನಿಗೆ ಬರುತ್ತಿದ್ದದ್ದು ತನ್ನ ಹೆಸರು, ಇವರ ಹೆಸರು, ಅಷ್ಟೇ. ಆದರೆ ರೂಮಿನಲ್ಲಿ ಹತ್ತು ಜನರಿದ್ದರಲ್ಲ, ಯಾರಿಂದಾದರೂ ಓದಿಸಬಹುದಿತ್ತಲ್ಲ, ನನ್ನ ಮಾತು ಅವನಿಗೆ ಬೇಡವಾಗಿತ್ತು ಎಂದೇ ನಲವತ್ತು ವರ್ಷ ತಿಳಿದಿದ್ದೆ ಎಂದರು. ಇಪ್ಪತ್ತು ವರ್ಷ ಕೆಲಸಗಾರರ ಕಾಗದಕ್ಕೆ ಉತ್ತರ ಬರೆದೆ. ಬರೆಯಿಸದವರ ಬಗ್ಗೆ ಒಂದು ದಿನವೂ ಯೋಚಿಸಲಿಲ್ಲ ಎಂದರು.

“ವರ್ಷ ವರ್ಷದ್ದನ್ನು ಬೇರೆ ಬೇರೆ ದಾರದಲ್ಲಿ ಕಟ್ಟಿದ್ದ,” ಎಂದು ನಿಧಾನವಾಗಿ ನೆನಪಿಸಿಕೊಂಡರು. “ಕೆಲಸಗಾರರ ನಾಲ್ಕು ಕ್ಯಾಂಪು ಬದಲಾಯಿಸಿದವನು. ಎಲ್ಲ ಕಡೆಗೂ ಹೊತ್ತಿದ್ದಾನೆ.”

ಆಮೇಲೆ ನನ್ನ ಕಡೆ ತಿರುಗಿ ಕೇಳಿದರು. “ಫೋನು ತಂದಿದ್ದೀಯಾ?”

ತಂದಿದ್ದೆ. ಕಾರಿಡಾರಿನ ಆ ಚಾಪೆಯ ಮೇಲೆಯೇ ಹೊಸ ಕೊನೆಯ ಪುಟವಾಯಿತು. ಅದರಲ್ಲಿ ಕಾಗದಗಳು ಒಡೆದಿಲ್ಲ. ಆಪಾ ಸುಳ್ಳು ಬರೆಯುವವರಲ್ಲ. ಆದರೆ ನಸ್ರೀನ್ ಟ್ರಂಕಿನ ಮುಚ್ಚಳ ಹಾಕುವುದಿಲ್ಲ. ಮೊದಲ ವರ್ಷದ ದಾರ ಬಿಚ್ಚುತ್ತಾಳೆ, ತಾನೇ ಬರೆದ ಮೊದಲ ಕಾಗದವನ್ನು ತಾನೇ ಒಡೆಯುತ್ತಾಳೆ, ಅಣ್ಣನ ಖಾಲಿ ಹಾಸಿಗೆಯ ಪಕ್ಕ ಕೂತು ಗಟ್ಟಿಯಾಗಿ ಓದತೊಡಗುತ್ತಾಳೆ. ನಾನು ಬರೆದೆ, ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಬೇಕಾದರೆ ಪರೀಕ್ಷಿಸಿ ಎಂದು ಎರಡು ಸಲ ಓದಿ ತೋರಿಸಿದೆ. ಎರಡನೆಯ ಸಲ ಆಪಾ ಅತ್ತರು. ಲಿಫ್ಟಿನಿಂದ ಇಳಿದ ಪಾರ್ಸೆಲ್ಲಿನವನು ನಮ್ಮಿಬ್ಬರನ್ನು ಕಂಡು ಬೀಗದ ಕೈ ಕಳೆದಿದೆಯೇ ಎಂದು ಕೇಳಿದ.

ಮುನೀರ್ ಸಾಹೇಬರು ಆ ಪುಟವನ್ನು ಮರುದಿನವೇ ಟೈಪ್ ಮಾಡಿದರು. ಕಾದಂಬರಿ ಲಾಹೋರಿಗೆ ಹೋಯಿತು, ಹಿಂದೆಯೇ ಆಪಾ ಕೂಡ ಹೊರಟರು. ವಿಮಾನ ನಿಲ್ದಾಣಕ್ಕೆ ಪ್ರಸಾದನೇ ಬಿಟ್ಟು ಬಂದ. ನಾವಿಬ್ಬರೂ ಅವರವರ ಊರಲ್ಲಿದ್ದರೆ ಎದುರುಬದುರು ಕೂರುವ ಮಾತೇ ಇರಲಿಲ್ಲ. ಇಲ್ಲಿ ಏಳನೇ ಮಹಡಿಯಲ್ಲಿ ಎಂಟು ಹೆಜ್ಜೆ ಅಷ್ಟೇ. ಬಾಗಿಲಲ್ಲಿ ಆಪಾ ನನ್ನ ಬೆರಳನ್ನು ಹಿಡಿದುಕೊಂಡು, ಕೊನೆಯ ಪುಸ್ತಕಕ್ಕೆ ಇಂಥ ತರಲೆ ಬರಹಗಾರ್ತಿ ಸಿಗಬೇಕೆಂದು ಹಣೆಯಲ್ಲಿತ್ತು ಎಂದರು. ನಾನು ಜೋರಾಗಿ ನಕ್ಕೆ, ಅಳು ಬರಬಾರದೆಂದು.

ಪುಸ್ತಕ ಜನವರಿಯಲ್ಲಿ ಬಂತು. ಒಂದು ಪ್ರತಿ ಮುನೀರ್ ಸಾಹೇಬರಿಗೆ, ಒಂದು ನನಗೆ. ನನ್ನದನ್ನು ತಲೆಕೆಳಗಾಗಿ ಹಿಡಿದಿದ್ದೇನೆಂದು ಅನ್ವಿ ತೋರಿಸಿಕೊಟ್ಟಳು. ನನಗೆ ಅದರ ಅವಶ್ಯಕತೆಯೂ ಇಲ್ಲ. ಕೊನೆಯ ನಾಲ್ಕು ಅಧ್ಯಾಯ ಕನ್ನಡ ಅಕ್ಷರದಲ್ಲಿ ಇರುವುದು ಲೋಕದಲ್ಲಿ ನನ್ನ ಫೋನಿನಲ್ಲಿ ಮಾತ್ರ.

ಅದಾಗಿ ಒಂದು ತಿಂಗಳಿಗೆ, ಬೆಳಿಗ್ಗೆ ಹತ್ತು ಗಂಟೆಗೆ, ಲಾಹೋರಿನಿಂದ ಫೋನು. ಹಿಂದೆ ಮಕ್ಕಳ ಗಲಾಟೆ, ಪಾತ್ರೆಯ ಸದ್ದು, ಯಾರೋ ಆಪಾ ಆಪಾ ಎಂದು ಕರೆಯುವುದು. ನಡುವೆ ಬಾಗಿಲು ಹಾಕಿ ಚಿಲಕ ಜಡಿದ ಶಬ್ದವಾಯಿತು. ಕ್ಷೇಮ ಸಮಾಚಾರ ಒಂದೂ ಇಲ್ಲ.

“ಕೈ ಖಾಲಿ ಇದೆಯಾ ಸುಶೀಲಾ?”

ಇದೆ ಎಂದೆ. ಹೊಸದು ಶುರುವಾಗಿದೆಯೆಂದು ಸ್ವರದಲ್ಲೇ ತಿಳಿಯಿತು. ನಾನೂ ಸುಮ್ಮನೆ ಒಪ್ಪುವವಳಲ್ಲ. ಒಂದು ಕರಾರು ಹಾಕಿದೆ. ಈ ಸಲ ಯಾರೂ ಸಾಯಬಾರದು.

ಆಪಾ ಸ್ವಲ್ಪ ಯೋಚಿಸಿದರು.

“ಮೊದಲ ವಾಕ್ಯದಲ್ಲೇ ಒಬ್ಬರು ಸತ್ತಿದ್ದಾರೆ,” ಎಂದರು. “ಬೇಗ ಅತ್ತು ಮುಗಿಸು. ಆಮೇಲೆ ಬರೆದುಕೋ.”